ಜಾಮೀನಿಗೊಂದು ಹೆಬ್ಬೆಟ್ಟು

ಮಾವಳ್ಳಿ
೩ ಜೂನ್ ೨೦೨೪

ಪೂರ್ಣಿಮತ್ತೆಗೆ,

ಇಲ್ಲಿ ಎಲ್ಲರೂ ಇದ್ದೇವೆ. ಹೇಗಿದ್ದೇವೆ ಎಂದು ಬರೆಯಹೊರಟರೆ ಕಾಗದ ಸಾಲದು. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಡ್ಯೂಟಿಯಲ್ಲಿದ್ದೇನೆ ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಇರುವ, ಮಿರ್ಜಾನದ ಯೋಗೇಶ ಎನ್ನುವವರ ಮನೆಯ ವಿಳಾಸ ಅಪ್ಪನ ಹಳೇ ಡೈರಿಯಲ್ಲಿ ಸಿಕ್ಕಿತು.

ನನ್ನ ಪಿಯುಸಿ ಮುಗಿಯಿತು. ಎಂಬತ್ತೆರಡು ಪರ್ಸೆಂಟ್ ಬಂದಿದೆ. ಈಗ ನರ್ಸಿಂಗ್ ಓದಿಸುವ ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದಿದ್ದಾರೆ. ನೀನು ಓದಿದ್ದೂ ಅದರಲ್ಲೇ ಎಂದು ಅಪ್ಪ ಹೇಳಿದ. ಫೀಸು, ಹಾಸ್ಟೆಲ್ಲು ಎಲ್ಲ ಸರ್ಕಾರದ್ದು. ಓದು ಮುಗಿದ ಮೇಲೆ ಐದು ವರ್ಷ ಅವರು ಹಾಕಿದ ಊರಿನಲ್ಲಿ ಕೆಲಸ ಮಾಡುತ್ತೇನೆಂದು ಬಾಂಡ್ ಬರೆದುಕೊಡಬೇಕು. ಬಾಂಡಿಗೆ ಇಬ್ಬರ ಜಾಮೀನು. ಒಬ್ಬರು ಜಮೀನು ಇರುವವರು. ಅದಕ್ಕೆ ಅಪ್ಪ ಇದ್ದಾನೆ. ಇನ್ನೊಬ್ಬರು ಸರ್ಕಾರಿ ನೌಕರಿಯಲ್ಲಿರುವವರು. ನಮ್ಮ ಮನೆತನದಲ್ಲಿ ಸರ್ಕಾರಿ ನೌಕರಿ ಎಂದರೆ ನೀನೊಬ್ಬಳೇ. ಅಜ್ಜಿ ಈಗಲೂ ಮನೆಗೆ ಬಂದವರಿಗೆಲ್ಲ ನನ್ನ ಮಗಳು ಕುಮಟೆ ಆಸ್ಪತ್ರೆಯಲ್ಲಿ ಸಿಸ್ಟರ್ ಎಂದು ಹೇಳುತ್ತಾಳೆ, ನೀನು ಒಂಬತ್ತು ವರ್ಷದಿಂದ ಈ ಕಡೆ ತಲೆ ಹಾಕದಿದ್ದರೂ.

ಫಾರ್ಮು ಕಳಿಸಿದ್ದೇನೆ. ಸಹಿ ಮಾಡಿ, ಸಂಬಳದ ಸರ್ಟಿಫಿಕೇಟು ಸೇರಿಸಿ ಕಳಿಸು. ಕೊನೇ ದಿನ ಜುಲೈ ಮೂವತ್ತೊಂದು. ಅದು ತಪ್ಪಿದರೆ ನನ್ನ ಗತಿ ಎಂತ ಎಂದು ಆಗಲೇ ತೀರ್ಮಾನವಾಗಿದೆ. ಅಪ್ಸರಕೊಂಡದ ಹತ್ತಿರದ ರೆಸಾರ್ಟೊಂದರಲ್ಲಿ ರೂಮು ತೊಳೆಯುವ ಕೆಲಸಕ್ಕೆ ನಮ್ಮ ಉಮೇಶಣ್ಣ ಮಾತಾಡಿ ಬಂದಿದ್ದಾನೆ. ಮೊನ್ನೆ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ. ಯಾರೋ ಪ್ರವಾಸಿಗಳು ಕುಡಿದು ವಾಂತಿ ಮಾಡಿದ್ದನ್ನು ಒಬ್ಬಳು ಬಗ್ಗಿ ಒರೆಸುತ್ತಿದ್ದಳು, ಅವರು ಮಂಚದ ಮೇಲೆ ಕೂತು ಮೊಬೈಲು ನೋಡುತ್ತಿದ್ದರು. ನನಗೆ ವಾಂತಿಯ ಹೇಸಿಗೆ ಆಗಲಿಲ್ಲ, ಆ ಕೂತವರ ಹೇಸಿಗೆ ಆಯಿತು. ಒರೆಸುವುದೇ ಆದರೆ ರೋಗಿಯದ್ದು ಒರೆಸುತ್ತೇನೆ.

ನಿನ್ನ ಸುಚಿತಾ


ಮಿರ್ಜಾನ
೧೪ ಜೂನ್ ೨೦೨೪

ಸುಚಿತಾ,

ನಿನ್ನ ಕಾಗದ ಬಂತು. ಪರ್ಸೆಂಟು ನೋಡಿ ಸಂತೋಷವಾಯಿತು. ಉಳಿದದ್ದು ಓದಿ ಸಂತೋಷವಾಗಲಿಲ್ಲ.

ರೋಗಿಯದ್ದು ಒರೆಸುತ್ತೇನೆ ಎಂದು ಬರೆದಿದ್ದೀಯ. ಹದಿನೆಂಟು ವರ್ಷಕ್ಕೆ ಬರೆಯಲು ಚೆನ್ನಾಗಿರುತ್ತದೆ. ಇಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ಸೊಂಟ ಮುರಿದು ಮಲಗಿ ಎರಡು ವರ್ಷವಾಯಿತು. ಬೆನ್ನಿನ ಹುಣ್ಣಿನಲ್ಲಿ ನನ್ನ ಎರಡು ಬೆರಳು ಹೋಗುತ್ತವೆ. ಬೆಳಿಗ್ಗೆ ಸಂಜೆ ಅದರ ಕೀವು ತೊಳೆಯುತ್ತೇನೆ. ಗಂಜಿ ಕುಡಿಸಿದರೆ ನನ್ನ ಮುಖಕ್ಕೇ ಉಗುಳುತ್ತಾಳೆ. ಮಗ ಎನ್ನಿಸಿಕೊಂಡವನು ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತು ಊದುಬತ್ತಿ ಹಚ್ಚಿ ಎನ್ನುತ್ತಾನೆ. ತಾಯಿಯ ಕಾಲು ಮುಟ್ಟಿ ಅವನು ಎಷ್ಟು ಕಾಲವಾಯಿತೋ. ಇದೇ ನರ್ಸಿಂಗು. ನಿನ್ನ ರೆಸಾರ್ಟಿನ ಹುಡುಗಿ ಒಂದು ಸಲ ಒರೆಸಿ ಕೈ ತೊಳೆದುಕೊಂಡು ಮನೆಗೆ ಹೋಗುತ್ತಾಳೆ. ನಮಗೆ ಕೈ ತೊಳೆದು ಪೂರೈಸುವುದೇ ಇಲ್ಲ.

ಐದು ವರ್ಷ ಎನ್ನುವುದನ್ನು ನೀನು ಅಂಕಿಯಾಗಿ ಓದಿದ್ದೀಯ. ಅವರು ಹಾಕುವ ಊರಿನಲ್ಲಿ ಡಾಕ್ಟರು ವಾರಕ್ಕೊಮ್ಮೆ ಬಂದರೆ ಪುಣ್ಯ. ನೀನೇ ಕಸ ಗುಡಿಸಬೇಕು, ನೀನೇ ಹೆರಿಗೆ ಮಾಡಿಸಬೇಕು, ಮಗು ಉಳಿಯದಿದ್ದರೆ ನೀನೇ ಬೈಸಿಕೊಳ್ಳಬೇಕು.

ಬೇರೆ ಏನಾದರೂ ಓದು. ಫಾರ್ಮು ನನ್ನ ಹತ್ತಿರ ಇರಲಿ.

ಅತ್ತೆ


ಮಾವಳ್ಳಿ
೧೯ ಜೂನ್ ೨೦೨೪

ಪೂರ್ಣಿಮತ್ತೆ,

ಬೇರೆ ಏನಾದರೂ ಓದು ಎಂದು ಸುಲಭವಾಗಿ ಬರೆದೆ. ಓದಿಸುವವರು ಯಾರು? ಗದ್ದೆಯಲ್ಲಿ ಬರುವುದು ಊಟಕ್ಕೆ ಸರಿಹೋಗುತ್ತದೆ. ಅಮ್ಮ ಕಲ್ಲಂಗಡಿ, ಬಸಳೆ ಮಾರಿ ಬಂದದ್ದರಲ್ಲಿ ನನ್ನ ಪಿಯುಸಿಯ ಬಸ್ ಪಾಸು ಆಗಿದೆ. ನಿನಗೆ ಇದೆಲ್ಲ ಗೊತ್ತಿಲ್ಲವೇ?

ನಿನಗೆ ಕೆಲಸದ ಮೇಲೆ ಹೇಸಿಗೆ ಇದ್ದರೆ ಇರಲಿ. ಅದೇ ಕೆಲಸದ ಅನ್ನ ನೀನು ಉಣ್ಣುತ್ತಿದ್ದೀಯ. ಏಣಿ ಹತ್ತಿ ಹೋದವರು ಹಿಂದಿನವರಿಗೆ ಏಣಿ ಕೊಳಕಾಗಿದೆ ಎಂದ ಹಾಗಾಯಿತು. ನಾನು ಕೇಳಿದ್ದು ಬುದ್ಧಿಮಾತಲ್ಲ, ಒಂದು ಸಹಿ.

ಸುಚಿತಾ


ಮಿರ್ಜಾನ
೧ ಜುಲೈ ೨೦೨೪

ಸುಚಿತಾ,

ಸಹಿ ಮಾಡಬಾರದೆಂದಲ್ಲ. ನಾವು ಜಾಮೀನು ನಿಲ್ಲಬೇಕಾದರೆ ಮೇಲಿನವರ ಅನುಮತಿ ಬೇಕು. ಸಾಹೇಬರು ರಜೆಯಲ್ಲಿದ್ದಾರೆ. ಈ ತಿಂಗಳು ಆಗುವುದು ಕಷ್ಟ. ನಿಮ್ಮ ಹೈಸ್ಕೂಲಿನ ಮಾಸ್ತರರನ್ನು ಯಾರನ್ನಾದರೂ ಕೇಳಿ ನೋಡು. ಅವರೂ ಸರ್ಕಾರಿ ನೌಕರರೇ.

ಆಸ್ಪತ್ರೆಗೆ ಹುಡುಕಿಕೊಂಡು ಬರಬೇಡ, ಅಲ್ಲಿ ಮಾತಾಡಲು ಪುರುಸೊತ್ತು ಇರುವುದಿಲ್ಲ.

ಅತ್ತೆ


ಮಾವಳ್ಳಿ
೮ ಜುಲೈ ೨೦೨೪

ಪೂರ್ಣಿಮಾ ನಾಯ್ಕ ಅವರಿಗೆ,

ಬರಬೇಡ ಎಂದಿದ್ದಿರಿ. ನಿಮ್ಮ ಕಾಗದ ಕೈಸೇರುವ ಮೊದಲೇ ನಾನು ಹೋಗಿ ಬಂದಾಗಿತ್ತು. ಕುಮಟೆ ಆಸ್ಪತ್ರೆಯಲ್ಲಿ ಆ ಹೆಸರಿನ ಸಿಸ್ಟರ್ ಯಾವ ಕಾಲದಲ್ಲೂ ಇರಲಿಲ್ಲವಂತೆ. ಅಲ್ಲಿನ ಒಬ್ಬರು ಪಾಪ, ಹಳೇ ರಿಜಿಸ್ಟರು ತೆಗೆದು ತೋರಿಸಿದರು. ಮಳೆಯಲ್ಲಿ ನೆನೆದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತು ನಿಮ್ಮ ಮೊದಲ ಕಾಗದ ಮತ್ತೆ ಓದಿದೆ. ಇಡೀ ವಾರ್ಡಿನಲ್ಲಿ ಒಬ್ಬಳೇ ಅಜ್ಜಿ, ಅವಳಿಗೊಬ್ಬ ಮಗ. ಮೊದಲೇ ಹೊಳೆಯಬೇಕಿತ್ತು. ನೀವು ಆ ಯೋಗೇಶನ ಮನೆಯಲ್ಲಿ ಅವನ ತಾಯಿಯನ್ನು ನೋಡಿಕೊಳ್ಳುವ ಕೆಲಸಕ್ಕಿದ್ದೀರಿ.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಇನ್ನೊಂದು ಕೇಳಿ. ನಮ್ಮ ಹೈಸ್ಕೂಲಿನ ರಮಾಕಾಂತ ಮಾಸ್ತರರು ಎರಡನೇ ಜಾಮೀನಿಗೆ ಒಪ್ಪಿದರು. ಎಲ್ಲ ಸರಿಯಾಯಿತು ಎಂದು ಪಹಣಿ ತೆಗೆಸಲು ಭಟ್ಕಳದ ತಾಲೂಕು ಕಚೇರಿಗೆ ಹೋದೆವು. ಗದ್ದೆ ಅಪ್ಪ ಮತ್ತು ಅಜ್ಜಿ ಇಬ್ಬರ ಹೆಸರಿನಲ್ಲಿದೆ. ಅದರ ಮೇಲೆ ಸರ್ಕಾರದ ಬೋಜಾ ಕೂತಿದೆ, ಎಂದರೆ ತೀರಿಸದ ಬಾಕಿಯ ಹೊರೆ. ಯಾವ ಬೋಜಾ ಎಂದು ಕೇಳಿದ್ದಕ್ಕೆ ಅಲ್ಲಿನ ಗುಮಾಸ್ತ ಎಲೆಯಡಿಕೆ ಕಿಟಕಿಯಾಚೆ ಉಗಿದು ಬಂದು ಓದಿ ಹೇಳಿದ. ಪೂರ್ಣಿಮಾ ಎಂಬವರು ಐದು ವರ್ಷದ ಸೇವೆಯಲ್ಲಿ ಮೂರು ವರ್ಷಕ್ಕೇ ಹೇಳದೇ ಕೇಳದೇ ಬಿಟ್ಟುಹೋಗಿದ್ದಾರೆ, ಜಾಮೀನು ನಿಂತ ಅಣ್ಣನ ಜಮೀನಿನ ಮೇಲೆ ವಸೂಲಿ ಬರೆದಿದೆ, ಇದು ಇರುವ ತನಕ ಈ ಜಮೀನು ಬೇರೆ ಜಾಮೀನಿಗೆ ನಡೆಯುವುದಿಲ್ಲ. ಅಪ್ಪ ಇಷ್ಟು ವರ್ಷ ಅದನ್ನು ಸೊಸೈಟಿ ಸಾಲದ ಬೋಜಾ ಎಂದುಕೊಂಡಿದ್ದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಕೊನೇ ದಿನಕ್ಕೆ ಇನ್ನು ಇಪ್ಪತ್ತಮೂರು ದಿನ ಇದೆ.

ನಿಮ್ಮ ಕೆಲಸ ಹೇಸಿಗೆಯದ್ದು ಎಂದು ಎರಡು ಪುಟ ಬರೆದಿರಿ. ನನಗೆ ನಿಮ್ಮ ಮೇಲೇ ಹೇಸಿಗೆ ಬಂದಿದೆ. ಅಜ್ಜಿ ಯಾವಾಗಲೂ ಒಂದು ಮಾತು ಹೇಳುತ್ತಿದ್ದಳು, ಅಪ್ಪ ಒಳಗೆ ಜೀವ ಬಿಡುತ್ತಿದ್ದರೆ ಮಗಳು ಬಚ್ಚಲಲ್ಲಿ ಸೋಪು ಹಚ್ಚಿ ಮೀಯುತ್ತಿದ್ದಳು ಎಂದು. ಅಜ್ಜಿ ಸಿಟ್ಟಿಗೆ ಹೇಳುತ್ತಾಳೆ ಎಂದುಕೊಂಡಿದ್ದೆ. ಈಗ ನಂಬುತ್ತೇನೆ.

ಸುಚಿತಾ


ಮಿರ್ಜಾನ
೧೨ ಜುಲೈ ೨೦೨೪

ಸುಚಿತಾ,

ನಂಬು. ನಾನು ಮೀಯುತ್ತಿದ್ದೆ. ಸೋಪನ್ನೂ ಹಚ್ಚಿದ್ದೆ.

ಆಗ ನಾನು ಹೊನ್ನಾವರದ ಒಳಭಾಗದ ಒಂದು ಆರೋಗ್ಯ ಕೇಂದ್ರದಲ್ಲಿದ್ದೆ. ಬಾಂಡಿನ ಮೂರು ವರ್ಷ ಮುಗಿದಿತ್ತು. ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ಬಂದಾಗಲೆಲ್ಲ ನೇರ ಒಳಗೆ ಹೋಗುವ ಹಾಗಿರಲಿಲ್ಲ. ನಾನು ಬಾಣಂತಿಯರನ್ನು ಮುಟ್ಟುವವಳು, ಹೆಣ ಮುಟ್ಟುವವಳು. ಹೊರಗಿನ ಬಚ್ಚಲಿನ ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಮಿಂದು, ಅಲ್ಲೇ ಗಳದ ಮೇಲೆ ಇಟ್ಟ ಸೀರೆ ಉಟ್ಟುಕೊಂಡು ಒಳಗೆ ಹೋಗಬೇಕು. ಅದೇ ಅಮ್ಮ ಊರಿಗೆಲ್ಲ ಮಗಳು ಸರ್ಕಾರಿ ಸಿಸ್ಟರ್ ಎಂದು ಹೇಳುತ್ತಿದ್ದಳು. ಊರಿನವರು ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಇದೇ ಕೈಗೆ ತೋಳು ಚಾಚುತ್ತಿದ್ದರು. ಚುಚ್ಚಿದ ಮೇಲೆ ನಾನು ಕೂತ ಚಾಪೆಗೆ ನೀರು ಚಿಮುಕಿಸುತ್ತಿದ್ದರು. ನನಗೆ ಕೀವಿನ ಹೇಸಿಗೆ ಎಂದೂ ಇರಲಿಲ್ಲ ಸುಚಿತಾ. ನಿನಗೆ ಅಡ್ಡಿ ಮಾಡಲು ಹಾಗೆ ಬರೆದೆ.

೨೦೧೫ರ ಆಗಸ್ಟಿನಲ್ಲಿ ಅಣ್ಣನ ಫೋನು ಬಂತು, ಅಪ್ಪನ ದಮ್ಮು ಜೋರಾಗಿದೆ ಎಂದು. ಒಂದು ಹೆರಿಗೆ ಆಗಷ್ಟೇ ಮುಗಿದಿತ್ತು. ಆಯಾ ಲಕ್ಷ್ಮೀಗೆ ನೋಡಿಕೋ ಎಂದು ಹೇಳಿ, ರಜೆ ಚೀಟಿಯನ್ನೂ ಬರೆಯದೆ, ದಮ್ಮಿನ ಇಂಜೆಕ್ಷನ್ ಚೀಲಕ್ಕೆ ಹಾಕಿಕೊಂಡು ಓಡಿ ಬಂದೆ. ಸೀರೆಯ ಅಂಚಿನಲ್ಲಿ ರಕ್ತದ ಕಲೆ ಇತ್ತು. ಅಂಗಳಕ್ಕೆ ಕಾಲಿಟ್ಟೆ. ಒಳಗಿನಿಂದ ಅಪ್ಪನ ಉಸಿರಿನ ಸದ್ದು ನನಗೆ ಕೇಳುತ್ತಿತ್ತು. ಅಮ್ಮ ಬಾಗಿಲಿಗೆ ಬಂದು ನಿಂತಳು.

"ಹೆರಿಗೆ ಮಾಡ್ಸಿ ಬಂದವ್ಳು ಹಂಗೇ ಒಳಗೆ ಬರಬೇಡ. ಹಂಡೇಲಿ ನೀರು ಕಾದದೆ, ಮಿಂದ್ಕಂಡು ಬಾ."

ನಾನು ಹೋದೆ. ಅಮ್ಮ ನನ್ನನ್ನು ತಡೆದದ್ದಕ್ಕೆ ನನಗೆ ಹೇಸಿಗೆ ಇಲ್ಲ, ಅವಳು ಬೇರೆ ಕಲಿತವಳಲ್ಲ. ಮೂರು ವರ್ಷ ಓದಿ, ಮೂರು ವರ್ಷ ಕೆಲಸ ಮಾಡಿದ ನಾನು ಚೀಲವನ್ನು ಕಟ್ಟೆಯ ಮೇಲಿಟ್ಟು, ಒಂದು ಮಾತೂ ಎದುರಾಡದೆ ಬಚ್ಚಲಿಗೆ ಹೋದೆನಲ್ಲ, ಅದು ನನ್ನ ಹೇಸಿಗೆ. ಬೇಗ ಬೇಗ ಸೋಪು ಹಚ್ಚಿದೆ. ನಾಕನೇ ತಂಬಿಗೆ ಸುರಿದುಕೊಳ್ಳುವಾಗ ನಿನ್ನ ಅಮ್ಮ ಗಂಗತ್ತಿಗೆ ಕೂಗಿದ್ದು ಕೇಳಿತು. ಆ ಇಂಜೆಕ್ಷನ್‌ನಿಂದ ಅಪ್ಪ ಉಳಿಯುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ಸಾಯುವಾಗ ಯಾರದ್ದೋ ಕೈ ಬೇಕಾಗುತ್ತದೆ, ಎಷ್ಟೋ ಮಂದಿಗೆ ನಾನೇ ಕೈ ಕೊಟ್ಟಿದ್ದೇನೆ. ಅವನಿಗೆ ಕೊಡಲಿಲ್ಲ.

ಹೆಣ ಎತ್ತಿದ ಮೇಲೆ ಮನೆ ಬಿಟ್ಟೆ. ಡ್ಯೂಟಿಗೂ ಹೋಗಲಿಲ್ಲ. ಹೆರಿಗೆಯ ಮೇಜಿನ ಎದುರು ನಿಲ್ಲುವುದನ್ನು ನೆನೆದರೆ ಹಂಡೆಯ ಹೊಗೆ ಮೂಗಿಗೆ ಬರುತ್ತಿತ್ತು. ಇಲಾಖೆಯವರಾಗಿ ಕರೆದರೆ ಹೋಗೋಣ ಎಂದುಕೊಂಡೆ, ಯಾವ ಕಾಗದವೂ ಬರಲಿಲ್ಲ. ನನ್ನನ್ನು ಮರೆತಿದ್ದಾರೆ ಎಂದುಕೊಂಡು ನಾನೂ ಮರೆತ ಹಾಗೆ ಮಾಡಿದೆ. ಕುಮಟೆಗೆ ವರ್ಗವಾಯಿತು ಎಂದು ಅಣ್ಣನಿಗೆ ಫೋನಿನಲ್ಲಿ ಸುಳ್ಳು ಹೇಳಿದೆ. ಅಣ್ಣನ ಜಮೀನಿನ ಮೇಲೆ ಬರೆದದ್ದು ನಿನ್ನ ಕಾಗದದಿಂದಲೇ ನನಗೆ ತಿಳಿದದ್ದು. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಪೂರ್ಣಿಮಾ


ಮಾವಳ್ಳಿ
೧೭ ಜುಲೈ ೨೦೨೪

ಅತ್ತೆ,

ಕಾಗದ ಬಂದಿತ್ತು. ಅಪ್ಪನನ್ನು ಕೂರಿಸಿಕೊಂಡು ನೆನಪು ಮಾಡಿಸಿದೆ. ಅಜ್ಜ ಹೋದ ಎಂಟನೇ ದಿನ ಪೋಸ್ಟಿನ ಈರ ರಿಜಿಸ್ಟರ್ ಕಾಗದ ತಂದಿದ್ದನಂತೆ, ನಿನ್ನ ಹೆಸರಿಗೆ. ಸೂತಕದ ಮನೆಯಲ್ಲಿ ಹೊಸ ಕಾಗದಕ್ಕೆ ಕೈ ಹಚ್ಚುವುದಿಲ್ಲ ಎಂದು ಅಜ್ಜಿ ಅಂಗಳದಿಂದಲೇ ವಾಪಸು ಕಳಿಸಿದಳಂತೆ. ಸೂತಕ ಕಳೆದ ಮೇಲೆ ತರುತ್ತಾನೆ ಎಂದು ಇವರು ಕಾದರು. ರಿಜಿಸ್ಟರ್ ಕಾಗದ ಎರಡನೇ ಸಲ ಬರುತ್ತದೆಯೇ? ನಿನ್ನೆ ಕಚೇರಿಯಲ್ಲಿ ನಿನ್ನ ಫೈಲು ತೋರಿಸಿದರು. ಆ ಲಕೋಟೆ ಅದರಲ್ಲೇ ಇದೆ, ನಿರಾಕರಿಸಿದ್ದಾರೆ ಎಂದು ಬರೆದು. ಏಳು ದಿನದೊಳಗೆ ಡ್ಯೂಟಿಗೆ ಸೇರಿದರೆ ಕ್ರಮ ಇಲ್ಲ ಎಂದಿತ್ತು ಒಳಗೆ.

ನಿನ್ನ ಕಾಗದವನ್ನು ಅಜ್ಜಿಗೆ ಓದಿ ಹೇಳಿದೆ. ಪೂರ್ತಿ ಓದಿದೆ. ಅವಳು ಎದ್ದು ಹೋಗಿ ಕೊಟ್ಟಿಗೆಯಲ್ಲಿ ತೆಂಗಿನ ಗರಿ ಒಟ್ಟಲು ಶುರು ಮಾಡಿದಳು. ಒಂದು ಹನಿ ನೀರು ಬರಲಿಲ್ಲ ಅವಳ ಕಣ್ಣಲ್ಲಿ. ನನಗೆ ಈ ಮನೆಯ ಬಾವಿ, ಬಚ್ಚಲು, ಚಾಪೆ ಎಲ್ಲ ಅಸಹ್ಯವಾಗಿದೆ. ಊಟ ಸೇರುತ್ತಿಲ್ಲ.

ನಿನ್ನ ಮೇಲೆಯೂ ಸಿಟ್ಟು ಹೋಗಿಲ್ಲ, ಅದನ್ನು ಹೇಳಿಬಿಡುತ್ತೇನೆ. ಕಾಗದ ಬರಲಿಲ್ಲ ಎಂದೆ. ನಿನಗೆ ಕಾಲು ಇರಲಿಲ್ಲವೇ? ನೀನೇ ಹೋಗಿ ಕೇಳಬಹುದಿತ್ತು. ಹೆರುವ ಹೆಂಗಸರು ನಿನ್ನ ಅಪ್ಪನನ್ನು ಕೊಂದಿರಲಿಲ್ಲ. ನಿನ್ನ ಮೇಲೆ ಸಿಟ್ಟು ತೀರಿಸಿಕೊಳ್ಳಲು ನನಗೆ ಹದಿನಾಲ್ಕು ದಿನವಿದೆ. ಆಮೇಲೆ ರೆಸಾರ್ಟಿನವರು ಯೂನಿಫಾರ್ಮು ಕೊಡುತ್ತಾರೆ, ಅದರ ಅಳತೆಯನ್ನೂ ಉಮೇಶಣ್ಣ ಕೊಟ್ಟು ಬಂದಿದ್ದಾನೆ.

ಸುಚಿತಾ


ಆರೋಗ್ಯ ಕೇಂದ್ರದಿಂದ
೨೯ ಜುಲೈ ೨೦೨೪

ಸುಚಿತಾ,

ಕಾಲು ಇತ್ತು. ಹೋದೆ.

ಯೋಗೇಶನಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಮುಂದಿನ ತಿಂಗಳವರೆಗಾದರೂ ಇರಿ, ಇವಳನ್ನು ಯಾರು ಮುಟ್ಟುತ್ತಾರೆ ಎಂದ. ಒಬ್ಬಳು ಸಿಗುವ ತನಕ ನೀವು ಮುಟ್ಟಿ ಎಂದು ಗ್ಲೌಸಿನ ಡಬ್ಬಿ ಅವನ ಕೈಯಲ್ಲಿಟ್ಟೆ, ಹುಣ್ಣು ತೊಳೆಯುವುದನ್ನು ಎದುರಿಗೆ ನಿಲ್ಲಿಸಿ ಎರಡು ದಿನ ಕಲಿಸಿದೆ. ಮೊದಲ ದಿನ ವಾಂತಿ ಮಾಡಿಕೊಂಡ. ಎರಡನೇ ದಿನ ಮಾಡಿಕೊಳ್ಳಲಿಲ್ಲ.

ಜಿಲ್ಲಾ ಕಚೇರಿಯಲ್ಲಿ ಮೂರು ದಿನ ಬೆಂಚಿನ ಮೇಲೆ ಕೂತೆ. ಮೊದಲ ದಿನ ಒಬ್ಬ ನನ್ನನ್ನು ನೋಡಿ ಇನ್ನೊಬ್ಬನಿಗೆ ಕಣ್ಣು ಮಿಟುಕಿಸಿದ, ಓಡಿಹೋದವಳು ಬಂದಿದ್ದಾಳೆ ಎಂದು. ಮೂರನೇ ದಿನ ಸಾಹೇಬರು ಕರೆದರು. ನಾನು ಬಿಟ್ಟ ಆ ಕೇಂದ್ರಕ್ಕೇ ಎರಡು ವರ್ಷದಿಂದ ನರ್ಸಿಲ್ಲವಂತೆ, ಕಳಿಸಿದವರೆಲ್ಲ ತಿಂಗಳೊಳಗೆ ವರ್ಗ ಮಾಡಿಸಿಕೊಂಡು ಹೋಗುತ್ತಾರಂತೆ. ಬಾಕಿ ಎರಡು ವರ್ಷ ಅಲ್ಲೇ ಮಾಡುವುದಾದರೆ ವಸೂಲಿ ತಡೆಹಿಡಿಯುತ್ತೇವೆ ಎಂದರು. ಸೇರುವ ವರದಿಯಲ್ಲಿ ಒಂಬತ್ತು ವರ್ಷದ ಗೈರುಹಾಜರಿಗೆ ಕಾರಣ ಬರೆಯಬೇಕಿತ್ತು. ತಂದೆ ಸಾಯುವಾಗ ಸ್ನಾನ ಮಾಡುತ್ತಿದ್ದೆ ಎಂದು ಬರೆದೆ. ಗುಮಾಸ್ತ ಅದನ್ನು ಓದಿ, ಹರಿದು, ಹೊಸ ಫಾರ್ಮು ಕೊಟ್ಟು ಅನಾರೋಗ್ಯ ಎಂದು ಬರೆಯಿರಿ ಎಂದ. ಬರೆದೆ. ಅದೂ ಸುಳ್ಳಲ್ಲ.

ಇಲ್ಲಿ ಸೇರಿ ಮೂರು ದಿನವಾಯಿತು. ಹೆರಿಗೆ ಕೋಣೆಯಲ್ಲಿ ಮುರಿದ ಕುರ್ಚಿ, ಪ್ರಚಾರದ ಬ್ಯಾನರು ತುಂಬಿದ್ದಾರೆ. ಮೇಜಿನ ಮೇಲೆ ಬಾವಲಿ ಹಿಕ್ಕೆ ಗಟ್ಟಿಯಾಗಿ ಕೂತಿದೆ. ಥೂ ಎಂದುಕೊಂಡೇ ತಿಕ್ಕುತ್ತಿದ್ದೇನೆ. ನಿನ್ನೆ ಕಮಲಿ ಎನ್ನುವ ಒಂದು ಹುಡುಗಿ ಬಂದಳು, ನಿನಗಿಂತ ಎರಡು ವರ್ಷ ದೊಡ್ಡವಳಿರಬೇಕು. ಬೇರೆ ದಾರಿ ಇರಲಿಲ್ಲ, ಮೇಜಿನ ಎದುರು ನಿಂತೆ. ಹೊಗೆಯ ವಾಸನೆ ಬಂತು. ಬಂದರೂ ಕೈ ತನ್ನ ಕೆಲಸ ಮಾಡಿತು. ಗಂಡು ಮಗು.

ತಡೆ ಆದೇಶ ಭಟ್ಕಳ ಕಚೇರಿಗೂ ಹೋಗಿದೆ. ಆದರೂ ಪ್ರತಿಯನ್ನು ಈ ಕಾಗದದ ಜೊತೆ ಭಟ್ಕಳ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಕ್ರಾಸಿನ ಬೀರನ ಅಂಗಡಿಯಲ್ಲಿ ಇಸಿದುಕೋ. ಇದಿದ್ದರೆ ನಿಮ್ಮ ಪಹಣಿ ಜಾಮೀನಿಗೆ ನಡೆಯುತ್ತದೆ. ಆದರೆ ಸಹಿ ಮಾಡುವ ಮೊದಲು ಆ ಬಾಂಡನ್ನು ಒಂದು ಸಲ ನಿಧಾನ ಓದು. ನಾನು ಓದಿರಲಿಲ್ಲ.

ಅತ್ತೆ


ಮಾವಳ್ಳಿ
೨ ಆಗಸ್ಟ್ ೨೦೨೪

ಪೂರ್ಣಿಮತ್ತೆಗೆ,

ಅರ್ಜಿ ಸ್ವೀಕಾರವಾಯಿತು. ಮೂವತ್ತೊಂದರ ಮಧ್ಯಾಹ್ನ ಮೂರೂವರೆಗೆ, ಇನ್ನೂ ಒಂದೂವರೆ ತಾಸು ಇರುವಾಗ. ನಂಬರು ಕೊಟ್ಟಿದ್ದಾರೆ. ನನ್ನ ಅಂಕಕ್ಕೆ ಸೀಟು ಖಂಡಿತ ಎಂದು ಅಲ್ಲಿನ ಮೇಡಮ್ಮು ಹೇಳಿದರು. ರೆಸಾರ್ಟಿಗೆ ಬರುವುದಿಲ್ಲ ಎಂದು ನಾನೇ ಫೋನು ಮಾಡಿದೆ. ಉಮೇಶಣ್ಣ ಎರಡು ದಿನ ಮಾತು ಬಿಟ್ಟಿದ್ದ, ಈಗ ಮಾತಾಡುತ್ತಿದ್ದಾನೆ.

ಬಾಂಡಿನ ದಿನದ್ದು ಹೇಳಬೇಕು. ಜಮೀನು ಜಂಟಿಯಾದ್ದರಿಂದ ಅಪ್ಪನ ಸಹಿಯ ಜೊತೆಗೆ ಅಜ್ಜಿಯ ಹೆಬ್ಬೆಟ್ಟೂ ಬೇಕು ಎಂದರು. ನಾನು ಅಜ್ಜಿಯ ಹತ್ತಿರ ಮಾತು ಬಿಟ್ಟು ಹದಿನೈದು ದಿನವಾಗಿತ್ತು. ಅಪ್ಪ ಕರೆದ. ಒಗೆದ ಸೀರೆ ಉಟ್ಟು ಬಂದಳು. ಭಟ್ಕಳದಲ್ಲಿ ನೋಟರಿಯವರ ಜಗಲಿಯ ಮೇಲೆ ನಾವು ನಾಲ್ವರು, ರಮಾಕಾಂತ ಮಾಸ್ತರರೂ ಸೇರಿ. ಟೈಪು ಮಾಡಿದವನು ಶಾಯಿಯ ಪ್ಯಾಡು ತೆಗೆದು ಅಜ್ಜಿಯ ಬೆರಳು ಹಿಡಿಯಲು ಹೋದ. ಅಜ್ಜಿ ಕೈ ಹಿಂದೆ ತೆಗೆದುಕೊಂಡಳು. ಓದಿ ಹೇಳು, ಓದದೇ ಒತ್ತುವುದಿಲ್ಲ ಎಂದು ನನಗೆ ಹೇಳಿದಳು.

ಓದಿದೆ. ಮೊದಲನೇ ಶರತ್ತು, ಎರಡನೆಯದು, ಹೀಗೆ ಹತ್ತು ಇದ್ದವು. ಎಲ್ಲಿ ಹಾಕಿದರೂ ಹೋಗುತ್ತಾಳೆ, ಹೇಳದೇ ಬಿಟ್ಟು ಬರುವುದಿಲ್ಲ, ಎಲ್ಲ. ಅಜ್ಜಿ ಒಂದೊಂದಕ್ಕೂ ಹೂಂ ಎಂದಳು. ಹತ್ತನೆಯದು ಮುಗಿದಾಗ ನನಗೆ ಏನಾಯಿತೋ, ಕಾಗದದಿಂದ ಕಣ್ಣು ಎತ್ತದೆ ಹನ್ನೊಂದನೆಯದು ಎಂದು ಶುರು ಮಾಡಿದೆ. ಸದರಿ ಅಭ್ಯರ್ಥಿಯು ಹೆರಿಗೆ ಮಾಡಿಸಿ ಬಂದರೂ, ಹೆಣ ತೊಳೆದು ಬಂದರೂ, ಮನೆಯವರು ಬಾಗಿಲಲ್ಲಿ ತಡೆಯತಕ್ಕದ್ದಲ್ಲ, ಆಕೆ ಬಂದ ಹಾಗೇ ಒಳಗೆ ಹೋಗತಕ್ಕದ್ದು.

ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಟೈಪಿನವನು ಬಾಯಿ ತೆರೆದ, ಮಾಸ್ತರರು ಅವನನ್ನು ನೋಡಿದರು, ಅವನು ಮುಚ್ಚಿಕೊಂಡ. ಅಜ್ಜಿ ಇನ್ನೊಂದು ಸಲ ಓದು ಎಂದಳು. ಇನ್ನೊಂದು ಸಲ ಓದಿದೆ. ಎರಡನೇ ಸಲ ಒಂದೆರಡು ಪದ ಬೇರೆಯಾದವು. ಅಜ್ಜಿಗೆ ಅಕ್ಷರ ಬರುವುದಿಲ್ಲ, ಕಿವಿ ಚುರುಕಾಗಿದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ತಾನೇ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ ಕಾಗದದ ಮೇಲೆ ಇಟ್ಟಳು, ತುಂಬ ಹೊತ್ತು ಇಟ್ಟಳು. ಟೈಪಿನವನು ಸಾಕು ಅಜ್ಜಿ ಎನ್ನಬೇಕಾಯಿತು.

ಬೆರಳು ಒರೆಸಿಕೊಳ್ಳಲು ನಾನು ಚಿಂದಿ ಕೊಟ್ಟೆ. ತೆಗೆದುಕೊಳ್ಳದೆ ಕೇಳಿದಳು.

"ಅದು ಪೂರ್ಣಿಮಂಗೂ ಲಾಗೂ ಆತದಾ?"

"ಆತದೆ," ಎಂದೆ. "ಹಿಂದಿನ ತಾರೀಕಿಂದ್ಲೇ."

ಸುಚಿತಾ